ಜೇನಿಗೆ ಹೇಳದ ಮಾತು

ಸೈರಿಲನ ಸಮಾಧಿಕಲ್ಲಿಗೆ ಜೇನುಹಿಂಡು ಗೊಂಚಲಾಗಿ ಜೋತುಬಿದ್ದಿತ್ತು. ಕೆತ್ತಿದ ಹೆಸರು ಪೂರಾ ಮುಚ್ಚಿಹೋಗಿತ್ತು. ಮೇ ತಿಂಗಳ ಮಳೆ ಆಗತಾನೆ ನಿಂತು, ಚರ್ಚಿನ ಹುಲ್ಲಿನಿಂದ ಹಬೆಯೇಳುತ್ತಿತ್ತು.

"ನಿಮ್ಮನೆ ಜೇನೇ, ಮ್ಯಾವಿಸ್," ಎಂದ ಹುಲ್ಲು ಕೊಯ್ಯುವ ನೋರಿಸ್. "ಯಜಮಾನ ಸತ್ರೆ ಬೀಗದ ಕೈಯಿಂದ ಜೇನುಪೆಟ್ಟಿಗೆ ತಟ್ಟಿ ಅವಕ್ಕೆ ಸುದ್ದಿ ಹೇಳ್ಬೇಕು. ಇಲ್ದಿದ್ರೆ ಎದ್ದು ಹೋಗ್ತವೆ. ಹೇಳಿದ್ರಿ ತಾನೆ?"

"ಹೇಳ್ದೆ ಇರ್ತೀನಾ?"

ಹೇಳಿರಲಿಲ್ಲ. ಗಂಡನನ್ನು ಮಣ್ಣುಮಾಡಿ ಬಂದ ದಿನದಿಂದ ಪ್ರತಿ ಬೆಳಿಗ್ಗೆ ಜೇನುಪೆಟ್ಟಿಗೆಯ ಬಳಿ ನಿಂತು, ಅವನಿನ್ನೂ ಮಲಗಿದ್ದಾನೆ, ಗಲಾಟೆ ಮಾಡಬೇಡಿ ಎಂದು ಹೇಳಿ ಬರುತ್ತಿದ್ದಳು.

ಹಿಂಡನ್ನು ಹಿಡಿದು ಒಯ್ಯಲು ನೋರಿಸ್ ಬುಟ್ಟಿ ತರಲು ಹೋದ. ಮ್ಯಾವಿಸ್ ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಕಲ್ಲನ್ನು ಮೆಲ್ಲಗೆ ತಟ್ಟಿದಳು.

"ಸೈರಿಲ್ ಹೋಗ್ಬಿಟ್ಟ," ಎಂದಳು. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಮನೆಗೆ ಬನ್ನಿ. ನಾನೊಬ್ಬಳೇ ಇದ್ದೀನಿ."