ಕ್ಯಾಪ್ಟನ್ ಹೆಸರಿನ ಗೋಲು

ರಾಷ್ಟ್ರೀಯ ಫುಟ್‌ಬಾಲ್ ತಂಡದ ದಾಖಲೆ ಪುಸ್ತಕ ಮರುಮುದ್ರಣವಾಗುತ್ತಿತ್ತು. ತಪ್ಪುಗಳಿದ್ದರೆ ಹಳೆಯ ಆಟಗಾರರು ಬರೆದು ತಿಳಿಸಬೇಕೆಂದು ಪ್ರಕಟಣೆ ಬಂದಿತ್ತು. ಒಂದು ಕಾಲಕ್ಕೆ ಆ ತಂಡದಲ್ಲಿ ಆಡಿದ್ದ ಆತ ಪತ್ರ ಬರೆದು, ಕಳಿಸುವ ಮೊದಲು ಅದನ್ನು ಹಿಡಿದುಕೊಂಡು ತನ್ನ ಹಳೆಯ ಕ್ಯಾಪ್ಟನ್ ಮನೆಗೆ ಹೋದ. ಕ್ಯಾಪ್ಟನ್ ತೀರಿಕೊಂಡು ಒಂದು ತಿಂಗಳಾಗಿತ್ತು. ಸತ್ತವರ ಹೆಂಡತಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸ್ವಲ್ಪ ಸುಲಭವೆಂದು ಆತ ತಿಳಿದಿದ್ದ.

"ಅತ್ತಿಗೆ, ಫೈನಲ್‌ನಲ್ಲಿ ನಮ್ಮನ್ನ ಸೋಲಿಸಿದ ಆ ಸೆಲ್ಫ್ ಗೋಲು ಅಣ್ಣನದಲ್ಲ. ಚೆಂಡು ನನ್ನ ಕಾಲಿಗೆ ತಾಗಿ ನಮ್ಮ ಗೋಲಿನೊಳಗೇ ಹೋಯ್ತು. ಗುಂಪಲ್ಲಿ ರೆಫರಿಗೆ ಕಾಣಲಿಲ್ಲ, ಅಣ್ಣನ ಹೆಸರು ಬರೆದುಕೊಂಡ್ರು. ನಾನು ಸುಮ್ಮನಿದ್ದುಬಿಟ್ಟೆ."

ಆಕೆ ಪತ್ರ ಓದಿ ಮಡಿಸಿದರು. "ಚೆನ್ನಾಗಿ ಬರೆದಿದ್ದೀರಿ. ಇವರು ಮೂವತ್ತೆಂಟು ಪಂದ್ಯ ಆಡಿದ್ರು, ಆದರೂ ಪೇಪರಿನವರು ಸಾವಿನ ಸುದ್ದೀಲೂ ಆ ಗೋಲನ್ನೇ ಮೊದಲು ಹಾಕಿದ್ರು."

"ಓದಿದೆ. ಅದಕ್ಕೇ ಬಂದೆ. ಅದು ಯಾರ ಕಾಲಿಂದ ಹೋಯ್ತು ಅಂತ ಗೊತ್ತಾಗದೇನೇ ಅಣ್ಣ ಹೋಗಿಬಿಟ್ಟರಲ್ಲ, ಅದೇ ಸಂಕಟ."

"ಗೊತ್ತಿತ್ತು. ಗೋಲು ನಂದು ಅಂತ ರೆಫರಿಗೆ ಹೇಳಿದ್ದೇ ಅವರು. ಹುಡುಗಂದು ಮೊದಲ ಪಂದ್ಯ, ಇದೇ ಕೊನೇದಾಗಬಾರದು ಅಂತ."

"ನಲವತ್ತು ವರ್ಷ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲವಲ್ಲ ಅತ್ತಿಗೆ."

"ನೀವಾಗಿ ಆಡಲಿ ಅಂತ ಕಾದರು. ಪ್ರತಿ ಭಾನುವಾರ ನೀವು ಬಂದು ಗೇಟು ತೆಗೆದ ಸದ್ದಾದರೆ ಸಾಕು, 'ಇವತ್ತು ಹೇಳ್ತಾನೇನೋ, ನೀನು ಒಳಗಿರು' ಅಂತ ನನ್ನನ್ನ ಎಬ್ಬಿಸಿ ಕಳಿಸೋರು."