ಸಂಸ್ಥಾಪಕರ ಡಬ್ಬಿ

ಏಕಾಂತಪ್ಪನವರು ಒಂದೇ ಒಂದು ಹಿಡಿ ಅಕ್ಕಿ ಬೇಯಿಸಿ ಇಡೀ ಚೆನ್ನೈಗೆ ಮೂರು ದಿನ ಊಟ ಹಾಕಿದ್ದರು. ಉಳಿದದ್ದನ್ನು ಸಮುದ್ರಕ್ಕೆ ಸುರಿದಾಗ ಮೀನುಗಳು ತೇಗಿದ ಸದ್ದು ಪಲ್ಲಾವರಂವರೆಗೂ ಕೇಳಿಸಿತ್ತು. ಹಾಗಂತ ಅವರೇ ಹೇಳುತ್ತಿದ್ದರು. ಅಂಥ ಮಹಾನುಭಾವರ ಡಬ್ಬಿಯನ್ನು ಆ ಭಾನುವಾರ ತುಂಬಿದ ಸಭೆಯಲ್ಲಿ ಬೋರಲು ಹಾಕಿದರೆ ಒಂದು ಕಾಳೂ ಉದುರಲಿಲ್ಲ.

"ಕಳ್ಳತನ!" ಏಕಾಂತಪ್ಪ ಗುಡುಗಿದರು. ಆ ಗುಡುಗಿಗೆ ಪೆರಂಬೂರಿನ ರೈಲುಗಳೆಲ್ಲ ಸಿಗ್ನಲ್ ಇಲ್ಲದೆಯೇ ನಿಂತವು. "ಕತ್ತಿನವರೆಗೂ ತುಂಬಿಟ್ಟಿದ್ದೆ! ನಮ್ಮನೆಯಿಂದ ಇಲ್ಲಿಗೆ ಬರೋದ್ರೊಳಗೆ ಯಾರ ಸೆರಗಿಗೆ ಹೋಯ್ತು?"

ಸೆರಗು ಹೊದ್ದು ಬಂದಿದ್ದವರು ಹಲವರು. ಆದರೆ ಡಬ್ಬಿಗಳ ಬೀಗದ ಕೈ ಇದ್ದದ್ದು ಖಜಾಂಚಿ ಸುಮಿತ್ರಮ್ಮನವರ ಸೊಂಟದಲ್ಲಿ. ಎಲ್ಲರ ಕಣ್ಣೂ ಅಲ್ಲಿಗೇ ಹೋದವು.

"ಅಮ್ಮಾ, ಎತ್ತುವಾಗಲೇ ಲೈಟಾ ಇತ್ತು, ಸತ್ಯಮಾ," ಎಂದ ಮನೆಮನೆಯಿಂದ ಡಬ್ಬಿ ತರುವ ವ್ಯಾನ್ ಓಡಿಸುವ ದಿನೇಶ್.

"ನಿನ್ನದು ಭೀಮನ ತೋಳು ಕಣೋ, ನಿನಗೆ ಆನೆಯೂ ಲೈಟೇ!" ಎಂದು ಏಕಾಂತಪ್ಪ ಅವನ ಬಾಯಿ ಮುಚ್ಚಿಸಿದರು.

ಹಿಡಿ ಅಕ್ಕಿ ಬ್ಯಾಂಕು ನಡೆಯುತ್ತಿದ್ದದ್ದೇ ಈ ಡಬ್ಬಿಗಳಿಂದ. ಮನೆಮನೆಗೊಂದು ಡಬ್ಬಿ. ಒಲೆ ಹಚ್ಚಿದಾಗಲೆಲ್ಲ, ಅಕ್ಕಿ ತೊಳೆಯುವ ಮೊದಲು, ಒಂದು ಹಿಡಿ ಅದಕ್ಕೆ ಬೀಳಬೇಕು. ತಮಿಳರು ಪಿಡಿ ಅರಿಸಿ ಅನ್ನುವ ಹಳೆಯ ಪದ್ಧತಿಯೇ; ಅದನ್ನು ನಿಯಮ ಮಾಡಿ ಗೋಡೆಗೆ ಬರೆಸಿದವರು ಸಂಸ್ಥಾಪಕ ಏಕಾಂತಪ್ಪ. ತಿಂಗಳಿಗೊಮ್ಮೆ ಎಲ್ಲರೆದುರು ಡಬ್ಬಿ ತೆರೆಯುವುದು. ಬಿದ್ದ ಅಕ್ಕಿಯಷ್ಟೇ ತೂಕದ ಬೇಳೆಯನ್ನು ಅಂಬತ್ತೂರಿನ ಕಾರ್ಖಾನೆಯ ಶಿವರಂಜನ್ ಕೊಡುವುದು. ಆ ಅಕ್ಕಿ, ಆ ಬೇಳೆ ಬೆಂದರೇ ರೈಲು ಹಳಿಯ ಪಕ್ಕದ ಗುಡಿಸಲುಗಳಿಗೆ ಮಧ್ಯಾಹ್ನದ ಊಟ.

ಮುಂದಿನ ಸಾಲಿನಲ್ಲಿದ್ದ ಶಿವರಂಜನ್ ಎದ್ದ. "ಕಳ್ಳರಿರೋ ಕಡೆ ನನ್ನ ಬೇಳೆ ಬರಲ್ಲ. ಸಾಯಂಕಾಲದವರೆಗೂ ಇಲ್ಲೇ ಇರ್ತೀನಿ. ಯಾರು ಅಂತ ಹೇಳಿ. ಇಲ್ಲಾಂದ್ರೆ ಖಜಾಂಚಿ ಮನೆಗೆ, ನಾನು ಅಂಬತ್ತೂರಿಗೆ."

"ಕಳ್ಳಿ ಹೆಸರು ಬೇಕಾ? ಬೀಗದ ಕೈನ ಕೇಳಿ!" ಎಂದು ಏಕಾಂತಪ್ಪ ಶಲ್ಯ ಕೊಡವಿದರು. "ನಾನು ಹೊರಟೆ. ಮನೇಲಿ ಹದಿನೆಂಟು ಬಗೆ ಅಡುಗೆ ಆರ್ತಾ ಇದೆ."

ಸುಮಿತ್ರಮ್ಮನವರ ಮೈಯಲ್ಲಿ ಬೆಂಕಿ ಎದ್ದಿತು. ಅದರಲ್ಲಿ ಹಂಡೆ ನೀರು ಕಾಯಿಸಬಹುದಿತ್ತು. ಡಬ್ಬಿ ಮುಂಚೆಯೇ ಹಗುರವಿದ್ದರೆ ಅರ್ಥ ಒಂದೇ: ಈ ಮನುಷ್ಯ ಹಾಕಿಯೇ ಇಲ್ಲ. ಜಿಪುಣ. ಬರೀ ಜಿಪುಣನಾಗಿದ್ದರೆ ಸರಿ, ಹೊಟ್ಟೆಬಾಕ ಬೇರೆ.

ದಿನಾ ಮಧ್ಯಾಹ್ನ ಬ್ಯಾಂಕಿನ ಅಡುಗೆಮನೆಗೆ ಬಂದು 'ಸಂಸ್ಥಾಪಕರು ರುಚಿ ನೋಡಬೇಕು' ಅನ್ನುವುದು. ತಟ್ಟೆ ತುಂಬ ಬಡಿಸಿಕೊಳ್ಳುವುದು. "ಥೂ, ಇದು ಸಾಂಬಾರಾ, ಕೂವಂ ಹೊಳೆಯ ಕೊಳಚೆ ನೀರಾ?" ಎಂದು ಬೈಯುತ್ತಲೇ ಕರಿಬೇವಿನ ಎಲೆಯನ್ನೂ ಬಿಡದೆ ತಿನ್ನುವುದು. ಭಾನುವಾರ ಬ್ಯಾಂಕಿನ ಒಲೆಗೆ ರಜೆ, ಹಾಗಾಗಿ ಸೋಮವಾರ ಎರಡು ತಟ್ಟೆ. ಕೇಳಿದರೆ, "ಭಾನುವಾರ ಮನೇಲಿ ಔತಣ ಉಂಡು ನಾಲಗೆ ಮೊಂಡಾಗಿರುತ್ತೆ. ಒಂದು ತಟ್ಟೇಲಿ ರುಚಿ ಹತ್ತಲ್ಲ!" ಇಷ್ಟು ಸಾಲದೆ, 'ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು' ಎಂದು ಸಂಜೆಗೊಂದು ಪೊಟ್ಟಣ. ಯಾವ ಲ್ಯಾಬಿನಿಂದಲೂ ಇದುವರೆಗೆ ಉತ್ತರ ಬಂದಿರಲಿಲ್ಲ.

"ದಿನೇಶ್, ವಂಡಿ ತೆಗಿ," ಎಂದರು ಸುಮಿತ್ರಮ್ಮ. "ಪೊಟ್ಟಣಗಳು ಎಲ್ಲಿ ಮಾರಾಟ ಆಗ್ತಾವೆ ಅಂತ ಇವತ್ತು ನೋಡೇಬಿಡೋಣ."

ಏಕಾಂತಪ್ಪನವರ ಮನೆ ಎರಡು ಬೀದಿಯಾಚೆ. ಬಾಗಿಲು ಬಡಿದ ರಭಸಕ್ಕೆ ಎದುರುಮನೆಯ ಬಾಗಿಲೂ ತೆರೆಯಿತು. ಏಕಾಂತಪ್ಪ ಹೊಸ್ತಿಲಿಗೆ ಅಡ್ಡ ನಿಂತರು. ಮೈಮೇಲೆ ಅದೇ ಗರಿಗರಿ ಬಿಳಿ ಅಂಗಿ; ಅದರೊಳಗೆ ಇನ್ನೊಬ್ಬ ಏಕಾಂತಪ್ಪ ಆರಾಮವಾಗಿ ಹಿಡಿಸುತ್ತಿದ್ದ.

"ತಪ್ಪು ಒಪ್ಪಿಕೊಳ್ಳೋಕೆ ಬಂದ್ರಾ?"

"ನಿಮ್ಮ ಅಡುಗೆಮನೆ ನೋಡಬೇಕು."

"ಸಾಧ್ಯವೇ ಇಲ್ಲ! ಒಳಗೆ ಬಾಣಸಿಗರು ಹೋಳಿಗೆ ಬೇಯಿಸ್ತಾ ಇದ್ದಾರೆ. ಹೊಗೆ. ಕಣ್ಣು ಹೋಗುತ್ತೆ."

"ಹೋಳಿಗೆ ವಾಸನೆ ಬರ್ತಿಲ್ಲವಲ್ಲ?"

"ಅದು... ದೊಡ್ಡವರ ಮನೆ ಹೋಳಿಗೆ. ವಾಸನೆ ಬೀದಿಗೆ ಬರಲ್ಲ."

"ಊರಿಗೆಲ್ಲ ನನ್ನ ಕಳ್ಳಿ ಅಂದ ಮೇಲೆ ನಿಮ್ಮ ಹೊಸ್ತಿಲು ನನಗ್ಯಾವ ಲೆಕ್ಕ ಕಣ್ರೀ!" ಸುಮಿತ್ರಮ್ಮ ಅವರನ್ನು ಪಕ್ಕಕ್ಕೆ ಸರಿಸಿದರು. ಚೆನ್ನೈಗೆಲ್ಲ ಉಣಿಸಿದ ಆಸಾಮಿ ಬಾಗಿಲ ಪರದೆಯಂತೆ ಸರಿದುಕೊಂಡದ್ದು ಅವರಿಗೇ ವಿಚಿತ್ರವಾಯಿತು.

ಅಡುಗೆಮನೆಯಲ್ಲಿ ಬಾಣಸಿಗರಿರಲಿಲ್ಲ. ಕದ್ದ ಮೂಟೆಗಳೂ ಇರಲಿಲ್ಲ. ಕಪಾಟಿನಲ್ಲಿ ನಿನ್ನೆಯ 'ಲ್ಯಾಬಿನ' ಪೊಟ್ಟಣ. ಅರ್ಧ ತಿಂದು, ಉಳಿದರ್ಧವನ್ನು ರಾತ್ರಿಗೆಂದು ತಟ್ಟೆ ಮುಚ್ಚಿ ಇಡಲಾಗಿತ್ತು. ಗ್ಯಾಸ್ ಒಲೆಯ ಮೇಲೆ ಬೆಕ್ಕೊಂದು ಸುರುಳಿ ಸುತ್ತಿ ಮಲಗಿತ್ತು. ಜನ ಬಂದರೂ ಅದು ಕಣ್ಣು ಬಿಡಲಿಲ್ಲ. ಆ ಜಾಗದಿಂದ ತನ್ನನ್ನು ಯಾರೂ ಎಬ್ಬಿಸುವುದಿಲ್ಲವೆಂದು ಅದಕ್ಕೆ ಎಷ್ಟೋ ದಿನದಿಂದ ಗೊತ್ತಿದ್ದಂತಿತ್ತು.

ಸುಮಿತ್ರಮ್ಮ ಒಲೆಯ ಅಂಚಿನ ಮೇಲೆ ಬೆರಳಾಡಿಸಿದರು; ಧೂಳು ಹತ್ತಿತು.

"ಮೀನು ತೇಗಿದ್ದು ಸುಳ್ಳು," ಎಂದರು ಏಕಾಂತಪ್ಪ, ಬೆನ್ನ ಹಿಂದಿನಿಂದ, ಯಾವ ರೈಲನ್ನೂ ನಿಲ್ಲಿಸಲಾರದ ಧ್ವನಿಯಲ್ಲಿ. "ಹದಿನೆಂಟು ಬಗೆ ಸುಳ್ಳು. ಡಬ್ಬಿ ತುಂಬಿದ್ದೆ ಅಂದಿದ್ದೂ ಸುಳ್ಳು. ನನ್ನ ಅಂಗಡಿ ಸಾಲದಲ್ಲಿ ಮುಳುಗಿ ಹೋಯ್ತು, ಹೇಳೋಕೆ ನಾಚಿಕೆ ಆಯ್ತು. ನಡೀರಿ, ನೀವು ಮುಟ್ಟಿಲ್ಲ ಅಂತ ಶಿವರಂಜನ್ ಮುಂದೆ ನಾನೇ ಹೇಳ್ತೀನಿ."

ಶಲ್ಯ ಹೊದ್ದು ಹೊಸ್ತಿಲವರೆಗೆ ಹೋದವರು ಅಲ್ಲೇ ನಿಂತು ತಿರುಗಿದರು.

"ಆದ್ರೆ ನಿಯಮ ಮಾತ್ರ ನಾನು ಮುರಿದಿಲ್ಲ ಸುಮಿತ್ರಮ್ಮ. ಒಲೆ ಹಚ್ಚಿದ ದಿನ ತಾನೇ ಹಿಡಿ ಎತ್ತಿಡಬೇಕಾದ್ದು?"