ಹೆಪ್ಪಿಗೆ ಕೋಡ್ ಇಲ್ಲ

ಚಂದ್ರನ ಮೇಲೆ ಮೊಸರಿನ ಕಂಪನಿ ತೆರೆಯಲು ಧಾರವಾಡದ ಗುರುಬಸವ್ವ ಅಲ್ಲಿನ ನೋಂದಣಿ ಕಚೇರಿಗೆ ಬಂದಿದ್ದಳು. ಅಧಿಕಾರಿ ಶ್ರೀಪಾದ ಒಂದೊಂದು ವ್ಯಾಪಾರಕ್ಕೆ ಒಂದೊಂದರಂತಿದ್ದ ಕೋಡ್‌ಗಳನ್ನು ತೋರಿಸಿದ.

"ಮೊಸರಿನ ಕೋಡ್ ಆಯ್ತು. ಹೆಪ್ಪು ಮಾರೋದಕ್ಕೂ ಒಂದು ತಗೊಳ್ಳಿ ಅಮ್ಮ. ಇಲ್ಲಿ ಬೇರೆ ಯಾರ ಹತ್ರಾನೂ ಹೆಪ್ಪಿಲ್ಲ, ಇಡೀ ಚಂದ್ರ ನಿಮ್ಮ ಗಿರಾಕಿ."

ಗುರುಬಸವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಮೊಸರು ಮಾರತೀನ್ರಿ. ಹೆಪ್ಪು ಮಾತ್ರ ನಮ್ಮ ಮನ್ಯಾಗ ಯಾರೂ ಮಾರಿಲ್ಲ. ಕೇಳಿದವ್ರಿಗೆ ಹಂಗ ಕೊಡೂದು."

ಸುಮ್ಮನೆ ಕೊಡುವುದಕ್ಕೊಂದು ಕೋಡ್ ಹುಡುಕಿ ಹುಡುಕಿ ಶ್ರೀಪಾದ ಸೋತ. ಮೊಸರಿಗಷ್ಟೇ ಮುದ್ರೆ ಒತ್ತಿ, ದನಿ ತಗ್ಗಿಸಿದ. "ಯಾವಾಗಾದ್ರೂ ಮನೆಗೆ ಬರ್ಲಾ, ಒಂದು ಚಮಚ ಹೆಪ್ಪಿಗೆ?"

"ಹೊತ್ತು ಮುಳುಗೂದ್ರಾಗ ಬರ್ರಿ. ದೀಪ ಹಚ್ಚಿದ ಮ್ಯಾಲ ನಾವು ಹೆಪ್ಪು ಕೊಡಾಂಗಿಲ್ಲ," ಎಂದಳು ಗುರುಬಸವ್ವ. "ನಿಮ್ಮೂರಾಗ ಮುಳುಗಿದ ಹೊತ್ತು ಮತ್ತ ಹುಟ್ಟಾಕ ಎರಡು ವಾರ ಬೇಕು."